ಸೂಪರ್‌ಹೀರೋ ಶಕ್ತಿ ಕೆಲಸ ಮಾಡುವುದು ಹೇಗೆ? ಮಲೆನಾಡಿನ ಜಗಲಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಮಳೆಗಾಲದ ಭಾನುವಾರಗಳಂದು ಹತ್ತು ಹನ್ನೆರಡು ಜನ ಸೇರುತ್ತೇವೆ. ಶಾಲೆಯ ಮಕ್ಕಳು, ಅಡಿಕೆ ತೋಟದವರು, ಒಬ್ಬಿಬ್ಬರು ಮೇಷ್ಟರು. ಮಾತು ಒಂದೇ: ಕಾಮಿಕ್ಸ್‌ನ ವೀರರ ಶಕ್ತಿ ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ. ಹೊಸಬರು ಬಂದಾಗಲೆಲ್ಲ ಅದೇ ಪ್ರಶ್ನೆಗಳು ಮರಳುತ್ತವೆ. ತೀರ್ಥಹಳ್ಳಿ, ಹೊಸನಗರದಿಂದ ಬರುವ ಪತ್ರಗಳಲ್ಲೂ ಅವೇ. ಕೇಳಿದವರ ಮಾತಿನಲ್ಲಿಯೇ ಪ್ರಶ್ನೆಗಳನ್ನು ಬರೆದು, ನನಗೆ ತಿಳಿದ ಉತ್ತರ ಕೊಟ್ಟಿದ್ದೇನೆ.

## ಜಗಲಿ ಹತ್ತುವ ಮುನ್ನ

ಕಾಮಿಕ್ಸ್ ಮಕ್ಕಳದ್ದಲ್ಲವೇ? ದೊಡ್ಡವರು ಅದರ ಮೇಲೆ ಗಂಟೆಗಟ್ಟಲೆ ವಾದ ಮಾಡುವುದೇಕೆ?

ತಾಳಮದ್ದಲೆ ಕೇಳಿ ಬೆಳೆದ ಊರಿನವರು ಈ ಪ್ರಶ್ನೆ ಕೇಳಿದಾಗ ನನಗೆ ಆಶ್ಚರ್ಯವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಮೇಲೆ ಅರ್ಧ ಗಂಟೆ ವಾದಿಸುತ್ತಾರೆ. ವಾಲಿ ಕೇಳುತ್ತಾನೆ, ಮರದ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ? ರಾಮ ಉತ್ತರಿಸುತ್ತಾನೆ. ಕೇಳುವವರಲ್ಲಿ ಯಾರೂ ‘ಇದು ನಡೆದದ್ದು ಹೌದೇ’ ಎಂದು ಎದ್ದು ನಿಲ್ಲುವುದಿಲ್ಲ. ವಾಲಿಯ ವರ ಏನು, ಅದರ ಮಾತು ಎಷ್ಟು ದೂರ ಹೋಗುತ್ತದೆ, ರಾಮ ಆ ಮಾತಿನ ಯಾವ ಸಂದಿಯಲ್ಲಿ ನುಗ್ಗಿದ ಎಂಬುದರಲ್ಲಿಯೇ ರಸ ಇರುವುದು.

ಹಿರಣ್ಯಕಶಿಪುವಿನ ಕಥೆಯೂ ಹಾಗೆಯೇ. ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಲ್ಲ ಮೃಗವಲ್ಲ. ಒಂದು ವರದ ಷರತ್ತುಗಳನ್ನು ಒಂದೊಂದಾಗಿ ಬಿಡಿಸಿ ದಾರಿ ಹುಡುಕುವ ಕಥೆ ಅದು. ನಾವು ಜಗಲಿಯಲ್ಲಿ ಮಾಡುವುದೂ ಅದನ್ನೇ. ಪ್ರಸಂಗ ಮಾತ್ರ ಬೇರೆ.

ಎಲ್ಲವೂ ಕಟ್ಟುಕಥೆ ಎಂದಮೇಲೆ ಸರಿ ಉತ್ತರ, ತಪ್ಪು ಉತ್ತರ ಎಂಬುದು ಇರುತ್ತದೆಯೇ?

ಇರುತ್ತದೆ. ಕಥೆಯ ಒಳಗಿನ ಸಾಕ್ಷ್ಯಕ್ಕೆ ಹೊಂದುವುದು ಸರಿ, ಹೊಂದದ್ದು ತಪ್ಪು. ನಮ್ಮ ತರ್ಕಶಾಸ್ತ್ರದ ಪ್ರಮಾಣಗಳಲ್ಲಿ, ಅಂದರೆ ತಿಳಿವಿನ ದಾರಿಗಳಲ್ಲಿ, ಮೂರನ್ನು ನಾವು ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆ. ಪುಟದ ಮೇಲೆ ಚಿತ್ರವಾಗಿ ಕಂಡದ್ದು ಪ್ರತ್ಯಕ್ಷ. ಕಂಡದ್ದರಿಂದ ನಾವು ಊಹಿಸಿ ತೆಗೆದದ್ದು ಅನುಮಾನ. ಬರೆದವರು ಅಥವಾ ಸಂಪಾದಕರು ಬಾಯಿಬಿಟ್ಟು ಹೇಳಿದ್ದು ಶಬ್ದ. ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ವಾದ ಮುಗಿಯಿತು. ಒಂದಕ್ಕೊಂದು ಎದುರಾದಾಗ ನಾವು ಪ್ರತ್ಯಕ್ಷದ ಕಡೆ ನಿಲ್ಲುತ್ತೇವೆ. ಕಥೆಯೊಳಗಿನ ಪಾತ್ರ ತನ್ನ ಶಕ್ತಿಯ ಬಗ್ಗೆ ಆಡಿದ ಮಾತನ್ನು ಮಾತ್ರ ಎಚ್ಚರದಿಂದ ತೆಗೆದುಕೊಳ್ಳಬೇಕು. ಜಂಬ ಕೊಚ್ಚುವವರು ಎಲ್ಲ ಲೋಕದಲ್ಲೂ ಇದ್ದಾರೆ.

ಫ್ಯಾಂಟಮ್ ಸೂಪರ್‌ಹೀರೋ ಹೌದೋ ಅಲ್ಲವೋ?

ನನ್ನ ವಯಸ್ಸಿನವರಿಗೆಲ್ಲ ಮೊದಲ ವೀರ ಅವನೇ. ಲೀ ಫಾಕ್ 1936ರಲ್ಲಿ ಅವನನ್ನು ಸೃಷ್ಟಿಸಿದರು. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಅವನನ್ನು ನಮ್ಮ ಮನೆಗಳಿಗೆ ತಂದಿತು. ಅವನಿಗೆ ಅಲೌಕಿಕ ಶಕ್ತಿ ಒಂದೂ ಇಲ್ಲ. ಪಳಗಿದ ಮೈ, ಗುರಿ ತಪ್ಪದ ಪಿಸ್ತೂಲು, ತಲೆಬುರುಡೆಯ ಉಂಗುರ, ಇಷ್ಟೇ. ಅವನಿಗೆ ಸಾವಿಲ್ಲ ಎಂದು ಕಾಡಿನವರು ನಂಬುತ್ತಾರೆ. ತಂದೆ ಸತ್ತಾಗ ಮಗ ಅದೇ ಉಡುಪು ತೊಡುತ್ತಾನೆ ಎಂಬ ಗುಟ್ಟು ಓದುಗರಿಗೆ ಗೊತ್ತು. ನಾವು ಓದುತ್ತಿದ್ದವನು ಆ ಸಾಲಿನ ಇಪ್ಪತ್ತೊಂದನೆಯವನು.

ಇದು ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಭೂತದ ಪಾತ್ರಿ ತಲೆಮಾರಿಗೊಮ್ಮೆ ಬದಲಾಗುತ್ತಾನೆ, ಭೂತ ಬದಲಾಗುವುದಿಲ್ಲ. ಫ್ಯಾಂಟಮ್‌ನ ಶಕ್ತಿ ಇರುವುದು ಅವನ ಮೈಯಲ್ಲಲ್ಲ, ಆ ಪರಂಪರೆಯಲ್ಲಿ ಮತ್ತು ಎದುರಾಳಿಯ ಭಯದಲ್ಲಿ. ಹಾಗಾಗಿ ನಾನು ಅವನನ್ನು ಸೂಪರ್‌ಹೀರೋಗಳ ಪಂಕ್ತಿಯಲ್ಲಿ ಕೂರಿಸುತ್ತೇನೆ. ಒಪ್ಪದವರೂ ಜಗಲಿಯಲ್ಲಿದ್ದಾರೆ.

ನಮ್ಮ ಡಿಂಗನನ್ನು ಯಾಕೆ ಬಿಟ್ಟಿದ್ದೀರಿ?

ಬಿಟ್ಟಿಲ್ಲ. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನಿಗೆ ಇಲ್ಲಿ ಪೂರ್ಣ ಗೌರವವಿದೆ. ಅನ್ಯಗ್ರಹದವರ ಪ್ರಯೋಗದಿಂದ ಶಕ್ತಿ ಪಡೆದ ಇಲಿ ಅವನು. ಆದರೆ ಅವನ ಶಕ್ತಿಗೆ ಕಥೆ ಎಲ್ಲಿಯೂ ಗಟ್ಟಿಯಾದ ಮಿತಿ ಹಾಕುವುದಿಲ್ಲ. ಅಳತೆ ಇಲ್ಲದ ಶಕ್ತಿಯನ್ನು ಪ್ರೀತಿಸಬಹುದು, ಅದರ ಮೇಲೆ ವಾದ ಕಟ್ಟುವುದು ಕಷ್ಟ.

1938ರ ಕಥೆಯಲ್ಲಿ ಸೂಪರ್‌ಮ್ಯಾನ್ ಜಿಗಿಯುತ್ತಾನೆ, ಆಮೇಲೆ ಹಾರಾಡುತ್ತಾನೆ. ಯಾವುದು ನಿಜ?

ಎರಡೂ, ಅವರವರ ಕಾಲಕ್ಕೆ. ಜೆರ್ರಿ ಸೀಗಲ್ ಬರೆದು ಜೋ ಶುಸ್ಟರ್ ಚಿತ್ರಿಸಿದ ಮೊದಲ ಸೂಪರ್‌ಮ್ಯಾನ್ ಒಂದು ಮೈಲಿಯ ಎಂಟನೆಯ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ನೆಗೆಯಬಲ್ಲವನಾಗಿದ್ದ. ಸಿಡಿಯುವ ಫಿರಂಗಿ ಗುಂಡಿಗಿಂತ ಕಡಿಮೆಯದ್ದು ಯಾವುದೂ ಅವನ ಚರ್ಮ ಸೀಳಲಾರದು ಎಂದಿತ್ತು. 1940ರ ದಶಕದಲ್ಲಿ ರೇಡಿಯೋ ನಾಟಕ, ಕಾರ್ಟೂನುಗಳ ಜೊತೆಗೆ ಅವನು ಹಾರಾಟಕ್ಕೆ ತಿರುಗಿದ.

ಕನ್ನಡದಲ್ಲಿ ಈ ಜಗಳ ಅರ್ಧ ಕರಗುತ್ತದೆ. ನಾವು ‘ಹಾರು’ ಎಂಬ ಒಂದೇ ಮಾತನ್ನು ಎರಡಕ್ಕೂ ಬಳಸುತ್ತೇವೆ. ಹನುಮಂತ ಸಮುದ್ರ ಹಾರಿದ, ಹುಡುಗ ಬೇಲಿ ಹಾರಿದ, ಹಕ್ಕಿ ಹಾರಿತು. ನಮ್ಮ ಕಾಡಿನ ಹಾರುವ ಓತಿ ಹಾರುವುದೇ ಇಲ್ಲ. ಪಕ್ಕೆಲುಬಿನ ಪೊರೆ ಬಿಚ್ಚಿ ಎತ್ತರದ ಮರದಿಂದ ತಗ್ಗಿನ ಮರಕ್ಕೆ ತೇಲುತ್ತದೆ. ಆದ್ದರಿಂದ ನಾವು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇವೆ: ನೆಲ ಬಿಟ್ಟ ಮೇಲೆ, ಯಾವುದನ್ನೂ ಮುಟ್ಟದೆ, ಗಾಳಿಯಲ್ಲಿ ಮೇಲಕ್ಕೋ ಹಿಂದಕ್ಕೋ ತಿರುಗಬಲ್ಲನೇ? ತಿರುಗಿದರೆ ಹಾರಾಟ, ಇಲ್ಲದಿದ್ದರೆ ನೆಗೆತ. ಹಳೆಯ ಪುಟಗಳನ್ನು ಈ ಕಣ್ಣಿನಿಂದ ನೋಡಿದರೆ ಯಾವ ಚಿತ್ರ ಯಾವ ಗುಂಪಿಗೆ ಸೇರುತ್ತದೆ ಎಂದು ಸಣ್ಣ ಮಕ್ಕಳೂ ಹೇಳುತ್ತಾರೆ.

## ಲೆಕ್ಕದ ಹಲಗೆ ತೆಗೆದಾಗ

ಸೂಪರ್‌ಮ್ಯಾನ್‌ಗೆ ಸೂರ್ಯನಿಂದ ಶಕ್ತಿ ಎನ್ನುತ್ತೀರಿ. ಆಗುಂಬೆಯ ಆಷಾಢದಲ್ಲಿ ಅವನ ಗತಿ ಏನು?

ಇದು ನಮಗೆ ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಿನವರು ಮಾತ್ರ ಕೇಳಬಲ್ಲ ಪ್ರಶ್ನೆ.

ಮೊದಲು ಕಥೆ ಏನು ಹೇಳುತ್ತದೆ ನೋಡೋಣ. ಹಳದಿ ಸೂರ್ಯನ ಬೆಳಕೇ ಶಕ್ತಿಯ ಮೂಲ ಎಂಬ ವಿವರಣೆ ಆರಂಭದಲ್ಲಿ ಇರಲಿಲ್ಲ, 1960ರಲ್ಲಿ ಬಂತು. 1986ರಲ್ಲಿ ಜಾನ್ ಬರ್ನ್ ಈ ವೀರನ ಕಥೆಯನ್ನು ಮೊದಲಿನಿಂದ ಬರೆದ ಮೇಲೆ, ಅವನ ಜೀವಕೋಶಗಳು ಬಿಸಿಲನ್ನು ಬ್ಯಾಟರಿಯಂತೆ ಕೂಡಿಡುತ್ತವೆ ಎಂಬುದು ಗಟ್ಟಿಯಾಯಿತು. ಅಂದಮೇಲೆ ಪ್ರಶ್ನೆ ಎರಡು: ಎಷ್ಟು ತುಂಬುತ್ತದೆ, ಎಷ್ಟು ಖರ್ಚಾಗುತ್ತದೆ?

ನಿರ್ಮಲ ಆಕಾಶದ ನಡುಹಗಲಿನಲ್ಲಿ ಒಂದು ಚದರ ಮೀಟರ್ ಮೇಲೆ ಬೀಳುವ ಬಿಸಿಲು ಸುಮಾರು 1,000 ವಾಟ್. ಬಿಸಿಲಿಗೆ ಮಲಗಿದ ದೊಡ್ಡ ಆಳಿನ ಮೈ 0.7 ಚದರ ಮೀಟರ್ ಎಂದುಕೊಳ್ಳಿ. 700 ವಾಟ್ ಆಯಿತು. ಧಾರಾಳವಾಗಿ, ದಿನಕ್ಕೆ ಎಂಟು ಗಂಟೆ ಅದೇ ಬಿಸಿಲು, ಒಂದು ಹನಿಯೂ ಪೋಲಾಗದೆ ಹೀರುತ್ತಾನೆ ಎಂದರೆ ದಿನಕ್ಕೆ ಸುಮಾರು 2 ಕೋಟಿ ಜೂಲ್. ನಾವು ಉಣ್ಣುವ ಊಟ ದಿನಕ್ಕೆ ಕೊಡುವುದು ಸುಮಾರು 1 ಕೋಟಿ ಜೂಲ್. ಅಂದರೆ ಅವನು ನಮಗಿಂತ ಎರಡು ಪಟ್ಟು ಉಂಡಂತಾಯಿತು, ಅಷ್ಟೇ.

ಈಗ ಖರ್ಚು. 10 ಟನ್ ತೂಕದ ಬಸ್ಸು ಜೋಗದ ಕೆಳಗೆ ಬಿದ್ದಿದೆ, ಅವನು ಅದನ್ನು 253 ಮೀಟರ್ ಮೇಲಕ್ಕೆ ಎತ್ತಬೇಕು. ಬೇಕಾದದ್ದು 2.48 ಕೋಟಿ ಜೂಲ್. ಒಂದು ಇಡೀ ದಿನದ ಬಿಸಿಲು ಒಂದು ಬಸ್ಸನ್ನು ಒಂದು ಸಲ ಜೋಗ ಹತ್ತಿಸಲು ಸಾಲದು! ಮೊದಲ ಸಲ ಈ ಲೆಕ್ಕ ಮುಗಿದಾಗ ಜಗಲಿ ಸ್ತಬ್ಧವಾಗಿತ್ತು.

ಆದರೆ ಬ್ಯಾಟರಿಯ ಮಾತನ್ನು ಮರೆಯಬಾರದು. ಹುಟ್ಟಿದಂದಿನಿಂದ ಹದಿನೆಂಟು ವರ್ಷ ಖರ್ಚು ಮಾಡದೆ ಕೂಡಿಟ್ಟರೆ ಸುಮಾರು 13,000 ಕೋಟಿ ಜೂಲ್. ಮಗುವಿನ ಮೈ ಚಿಕ್ಕದು ಎಂಬುದನ್ನೂ ಇಲ್ಲಿ ಬಿಟ್ಟುಕೊಟ್ಟಿದ್ದೇನೆ. ಅದರಲ್ಲಿ ಅದೇ ಬಸ್ಸನ್ನು ಐದು ಸಾವಿರಕ್ಕೂ ಹೆಚ್ಚು ಸಲ ಎತ್ತಬಹುದು. ಹಾಗಾಗಿ ಬಸ್ಸು, ರೈಲು, ಸೇತುವೆಯ ಕಥೆಗಳಿಗೆ ವಿವರಣೆ ನಿಲ್ಲುತ್ತದೆ. ಗ್ರಹಗಳನ್ನು ತಳ್ಳುವ ಕಥೆಗಳಿಗೆ ನಿಲ್ಲುವುದಿಲ್ಲ. ಹೋಲಿಕೆಗೆ ಹೇಳುತ್ತೇನೆ, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಪೂರ್ಣ ವೇಗದಲ್ಲಿ ನಡೆದರೆ ಆ ಹದಿನೆಂಟು ವರ್ಷದ ಉಳಿತಾಯವನ್ನು ಎರಡು ನಿಮಿಷ ಚಿಲ್ಲರೆಯಲ್ಲಿ ಕೊಡುತ್ತದೆ. ನಮ್ಮ ನದಿಯ ಬಲ ನನಗೆ ನಿಜವಾಗಿ ಮನದಟ್ಟಾದದ್ದು ಈ ಕಾಮಿಕ್ಸ್ ಲೆಕ್ಕದಿಂದ.

ಇನ್ನು ಆಷಾಢ. ದಟ್ಟ ಮೋಡದ ಅಡಿಯಲ್ಲಿ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯಬಹುದು. ಆಗ ತುಂಬುವುದು ನಿಧಾನವಾಗುತ್ತದೆ, ಕೂಡಿಟ್ಟದ್ದು ಹೋಗುವುದಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ಇಷ್ಟು ಲೆಕ್ಕ ಕೇಳಿದ ಮೇಲೆ ಹೇಳಿದಳು: “ಅವನು ಮೋಡದ ಮೇಲೆ ಹೋಗಿ ಬಿಸಿಲು ಕಾಯಿಸಿಕೊಂಡು ಬರಬಹುದಲ್ಲ. ನಾವು ಅಡಿಕೆ ಒಣಗಿಸಲು ಬಿಸಿಲಿರುವ ಅಂಗಳ ಹುಡುಕುವುದಿಲ್ಲವೇ?” ಅದೇ ಸರಿಯಾದ ಉತ್ತರ.

ಪಾಚಿಗಟ್ಟಿದ ಗೋಡೆಯನ್ನು ಸ್ಪೈಡರ್‌ಮ್ಯಾನ್ ಹತ್ತಬಲ್ಲನೇ? ನಮ್ಮ ಕೊನೆಗೌಡರೇ ಮಳೆಯಲ್ಲಿ ಜಾರುತ್ತಾರೆ.

ಮೊದಲು ಎರಡು ಬಗೆಯ ಹತ್ತುವಿಕೆಯನ್ನು ಬೇರ್ಪಡಿಸಬೇಕು. ಕೊನೆಗೌಡ ಅಡಿಕೆ ಮರ ಹತ್ತುವುದು ಘರ್ಷಣೆಯಿಂದ. ಪಾದಗಳ ನಡುವೆ ಮರವನ್ನು ಒತ್ತಿ ಹಿಡಿಯುತ್ತಾನೆ, ಒತ್ತಿದಷ್ಟೂ ಹಿಡಿತ. ಸಮತಟ್ಟಾದ ಗೋಡೆಯಲ್ಲಿ ಈ ಉಪಾಯ ನಡೆಯುವುದಿಲ್ಲ, ಒತ್ತಲು ಎದುರು ಬದಿಯೇ ಇಲ್ಲ. ಸ್ಪೈಡರ್‌ಮ್ಯಾನ್‌ಗೆ ಬೇಕಾದದ್ದು ಅಂಟುವ ಬಲ.

ಮನೆಯ ಹಲ್ಲಿಗೆ ಆ ಬಲ ಇದೆ. ಅದರ ಬೆರಳಿನಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ಕೂದಲುಗಳಿವೆ, ಒಂದೊಂದರ ತುದಿಯೂ ಮತ್ತೆ ನೂರಾರಾಗಿ ಕವಲೊಡೆದಿದೆ. ಅವು ಗೋಡೆಗೆ ತೀರಾ ಹತ್ತಿರ ಹೋದಾಗ ಅಣುಗಳ ನಡುವೆ ವಾನ್‌ಡರ್‌ವಾಲ್ಸ್ ಎಂಬ ದುರ್ಬಲ ಸೆಳೆತ ಹುಟ್ಟುತ್ತದೆ. ಒಂದೊಂದೂ ದುರ್ಬಲ, ಲಕ್ಷಾಂತರ ಸೇರಿದರೆ ಬಲ. 2000ದಲ್ಲಿ ವಿಜ್ಞಾನಿಗಳು ಒಂದೇ ಒಂದು ಕೂದಲಿನ ಅಂಟುಬಲವನ್ನು ಅಳೆದು ತೋರಿಸಿದರು. ಅನೇಕ ಜೇಡಗಳ ಕಾಲಿನಲ್ಲೂ ಇಂಥದೇ ಕೂದಲಿನ ಮೆತ್ತೆ ಇದೆ.

ತೊಡಕಿರುವುದು ಮನುಷ್ಯನ ಗಾತ್ರದಲ್ಲಿ. ಪ್ರಾಣಿ ದೊಡ್ಡದಾದಷ್ಟೂ ಅಂಟುವ ಮೆತ್ತೆಯ ಪಾಲು ಬೇಗಬೇಗ ಹೆಚ್ಚಬೇಕು. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಲೆಕ್ಕ ಹಾಕಿದಂತೆ, ಹಲ್ಲಿಯ ರೀತಿಯಲ್ಲಿ ಗೋಡೆ ಹತ್ತಲು ಮನುಷ್ಯನ ಮೈಯ ಸುಮಾರು ಶೇಕಡಾ 40 ಭಾಗ ಅಂಟುಮೆತ್ತೆಯಾಗಿರಬೇಕು. ಅಂಗೈ, ಅಂಗಾಲು ಎಲ್ಲಿಯೂ ಸಾಲದು. ಹಾಗಾಗಿ 1962ರಲ್ಲಿ ಸ್ಟಾನ್ ಲೀ, ಸ್ಟೀವ್ ಡಿಟ್ಕೊ ಕೊಟ್ಟ ಈ ಶಕ್ತಿ ಜೇಡದ ಶಕ್ತಿಗಿಂತ ಬಹಳ ಗಟ್ಟಿಯಾದದ್ದು ಎಂದು ಒಪ್ಪಲೇಬೇಕು.

ಒಪ್ಪಿದರೂ ಪಾಚಿ ಅವನನ್ನು ಬಿಡುವುದಿಲ್ಲ. ಅವನ ಕೈ ಪಾಚಿಗೆ ಚೆನ್ನಾಗಿ ಅಂಟುತ್ತದೆ. ಆದರೆ ಪಾಚಿ ಗೋಡೆಗೆ ಅಷ್ಟು ಗಟ್ಟಿಯಾಗಿ ಅಂಟಿಲ್ಲ. ಹಿಡಿತ ಎಷ್ಟೇ ಬಲವಾಗಿರಲಿ, ಕಿತ್ತುಬರುವುದು ಅತ್ಯಂತ ದುರ್ಬಲ ಪದರ. ಶ್ರಾವಣದಲ್ಲಿ ನಮ್ಮ ಜಂಬಿಟ್ಟಿಗೆ ಗೋಡೆ ಹತ್ತಿದರೆ ಅವನು ಅಂಗೈ ತುಂಬ ಹಸಿರು ಹಿಡಿದುಕೊಂಡು ಕೆಳಗೆ ಬರುತ್ತಾನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಗ ಉಳಿಯುವುದು ಮಣಿಕಟ್ಟಿನ ಯಂತ್ರದಿಂದ ಬಿಡುವ ಬಲೆ. ಅದು ಅವನೇ ಮಾಡಿದ ಸಾಧನ, ಜೇಡ ಕಚ್ಚಿ ಬಂದದ್ದಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ಕೊನೆಗೌಡ ನೆಲಕ್ಕಿಳಿಯದೆ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಿದವರಿಗೆ, ಕಟ್ಟಡದಿಂದ ಕಟ್ಟಡಕ್ಕೆ ಜೋತು ಸಾಗುವ ಆ ಚಿತ್ರಗಳು ಹೊಸದೆನಿಸುವುದಿಲ್ಲ.

ಇರುವೆ ತನ್ನ ತೂಕದ ಹಲವು ಪಟ್ಟು ಹೊರುತ್ತದೆ. ಮನುಷ್ಯನಿಗೆ ಇರುವೆಯ ಬಲ ಬಂದರೆ ಲಾರಿ ಎತ್ತಬಹುದಲ್ಲವೇ?

ಇಲ್ಲ. ಸೂಪರ್‌ಮ್ಯಾನ್‌ನ ಮೊದಲ ಕಥೆಯೇ ಇರುವೆ, ಮಿಡತೆಗಳ ಉದಾಹರಣೆ ಕೊಟ್ಟಿತ್ತು. ಹಾಗಾಗಿ ಈ ತಪ್ಪಿಗೆ ದೊಡ್ಡ ವಂಶವೃಕ್ಷವೇ ಇದೆ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಸಂಬಂಧಿಸಿದ್ದು, ತೂಕ ಘನಗಾತ್ರಕ್ಕೆ. ಎತ್ತರವನ್ನು ಹತ್ತು ಪಟ್ಟು ಮಾಡಿದರೆ ಬಲ ನೂರು ಪಟ್ಟು, ತೂಕ ಸಾವಿರ ಪಟ್ಟು. ಗೆಲಿಲಿಯೋ 1638ರಲ್ಲೇ ಇದನ್ನು ಎಲುಬುಗಳ ಲೆಕ್ಕದಲ್ಲಿ ವಿವರಿಸಿದ್ದ. ಚಗಳಿ ಇರುವೆ ತನಗಿಂತ ದೊಡ್ಡ ಹುಳುವನ್ನು ಎಳೆದೊಯ್ಯುವುದು ಅದು ಚಿಕ್ಕದಾಗಿರುವುದರಿಂದ. ಅದನ್ನೇ ಮನುಷ್ಯನಷ್ಟು ದೊಡ್ಡದು ಮಾಡಿದರೆ ಲಾರಿ ಎತ್ತುವ ಮಾತಿರಲಿ, ತನ್ನ ಕಾಲಿನ ಮೇಲೆ ತಾನು ನಿಲ್ಲಲಾರದು.

ಫೆಂಟಾಸ್ಟಿಕ್ ಫೋರ್ ತಂಡದ, ಅದೃಶ್ಯಳಾದ ಸ್ಯೂ ಸ್ಟಾರ್ಮ್‌ಗೆ ಕಣ್ಣು ಕಾಣುತ್ತದೆಯೇ?

ಬೆಳಕು ಅವಳ ಸುತ್ತ ಬಾಗಿ ಸಾಗುತ್ತದೆ ಎಂದು ಕಥೆ ಹೇಳುತ್ತದೆ. ಸುತ್ತಿ ಹೋದ ಬೆಳಕು ಕಣ್ಣಿಗೆ ತಲುಪುವುದಿಲ್ಲ, ತಲುಪದೆ ನೋಟವಿಲ್ಲ. ಆದ್ದರಿಂದ ಕಣ್ಣಿನ ಪಾಪೆಯಷ್ಟು ಜಾಗ ಬಿಟ್ಟಿರಲೇಬೇಕು: ಎರಡು ಸಣ್ಣ ಕಪ್ಪು ಚುಕ್ಕೆ ಗಾಳಿಯಲ್ಲಿ ತೇಲಬೇಕು. ಮಲೆನಾಡಿನ ಮಳೆಯಲ್ಲಿ ಅದೂ ಬೇಡ, ಹನಿ ಬಿದ್ದು ಹರಿಯುವ ಆಕಾರವೇ ಅವಳನ್ನು ತೋರಿಸುತ್ತದೆ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಫ್ಲ್ಯಾಶ್ ಎಷ್ಟು ವೇಗವಾಗಿ ಇಳಿಯಬಹುದು?

ಓಟದ ವೀರರ ವಿಷಯದಲ್ಲಿ ಎಲ್ಲರೂ ಕಾಲಿನ ವೇಗ ಕೇಳುತ್ತಾರೆ. ಈ ಪ್ರಶ್ನೆ ತಿರುವನ್ನು ಕೇಳುತ್ತದೆ, ಅದು ಜಾಣತನ. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸೆಕೆಂಡಿಗೆ 100 ಮೀಟರ್ ವೇಗ ಇದ್ದರೆ, ಅವನನ್ನು ರಸ್ತೆಯಲ್ಲಿ ಉಳಿಸಲು ಅವನ ತೂಕದ ನೂರು ಪಟ್ಟು ಬಲ ಒಳಮುಖವಾಗಿ ಬೇಕು. ಯಾವ ಬೂಟಿನ ಘರ್ಷಣೆಯೂ ಅಷ್ಟು ಕೊಡದು. ನೇರ ರಸ್ತೆಯಲ್ಲೂ ಮಿತಿ ಇದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್ ಒಂದೇ ಸೆಕೆಂಡಿನಲ್ಲಿ ಓಡುತ್ತಾನೆ ಎನ್ನಿ. ಸೆಕೆಂಡಿಗೆ 7.9 ಕಿಲೋಮೀಟರ್ ದಾಟಿದವನ ಅಡಿಯಿಂದ ಭೂಮಿಯೇ ಬಾಗಿ ದೂರ ಸರಿಯುತ್ತದೆ, 11.2 ದಾಟಿದರೆ ಅವನು ಮರಳಿ ಬರುವುದೇ ಇಲ್ಲ. ಅಂದರೆ ಓಡಲು ಅವನಿಗೆ ಬೇಕಾದದ್ದು ವೇಗಕ್ಕಿಂತ ಮೊದಲು ನೆಲದ ಹಿಡಿತ.

1956ರಲ್ಲಿ ಫ್ಲ್ಯಾಶ್ ಆದ ಬ್ಯಾರಿ ಆಲನ್‌ಗೆ ಸಿಡಿಲು ಮತ್ತು ರಾಸಾಯನಿಕಗಳಿಂದ ಶಕ್ತಿ ಬಂತು. 1990ರ ದಶಕದಲ್ಲಿ ಬರಹಗಾರರು ‘ಸ್ಪೀಡ್ ಫೋರ್ಸ್’ ಎಂಬ ಬೇರೆಯೇ ಶಕ್ತಿಮೂಲವನ್ನು ಕಥೆಗೆ ತಂದರು. ಗಾಳಿಯ ಬಿಸಿಯಿಂದ ಕಾಯುವ ಕವಚವೂ ಅವನ ಸುತ್ತ ಇದೆ ಎಂದರು. ಕೆಲವರು ಇದನ್ನು ತೇಪೆ ಎನ್ನುತ್ತಾರೆ. ನಾನು ಹಾಗೆನ್ನುವುದಿಲ್ಲ. ಶಕ್ತಿ ಹೊರಗಿನಿಂದ ಬರುತ್ತದೆ ಎಂದ ಕೂಡಲೇ ಅದು ಕಡಿದುಹೋಗಲೂಬಹುದು ಎಂದಾಗುತ್ತದೆ. ಕಥೆಗೆ ಅಲ್ಲಿಂದ ಉಸಿರು ಬರುತ್ತದೆ.

## ಬಲ್ಲವರ ನಡುವೆ

ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಕೊಂದದ್ದು ಬೀಳುವಿಕೆಯೋ, ಸ್ಪೈಡರ್‌ಮ್ಯಾನ್‌ನ ಬಲೆಯೋ?

ಬಲೆ. ಇದನ್ನು ಬರೆಯುವಾಗ ಇಂದಿಗೂ ಮನಸ್ಸು ಭಾರವಾಗುತ್ತದೆ. 1973ರ ಜೂನ್ ತಿಂಗಳ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೆಯ ಸಂಚಿಕೆಯಲ್ಲಿ ಗ್ರೀನ್ ಗಾಬ್ಲಿನ್ ಎಂಬ ಖಳ ಅವಳನ್ನು ಸೇತುವೆಯ ಗೋಪುರದಿಂದ ಕೆಡವುತ್ತಾನೆ. ಸ್ಪೈಡರ್‌ಮ್ಯಾನ್ ಬಲೆ ಬಿಟ್ಟು ಅವಳ ಕಾಲು ಹಿಡಿಯುತ್ತಾನೆ, ಮೇಲಕ್ಕೆಳೆಯುತ್ತಾನೆ. ಅಷ್ಟರಲ್ಲಿ ಅವಳು ಸತ್ತಿದ್ದಾಳೆ. ನೆಲ ಮುಟ್ಟುವ ಮೊದಲೇ ಬೀಳುವ ರಭಸಕ್ಕೆ ಸತ್ತಳು ಎಂದು ಗಾಬ್ಲಿನ್ ಹೇಳುತ್ತಾನೆ. ಆದರೆ ಬಲೆ ಬಿಗಿಯುವ ಚಿತ್ರದಲ್ಲಿ ಅವಳ ಕುತ್ತಿಗೆಯ ಪಕ್ಕ ಸಣ್ಣ ಅಕ್ಷರಗಳಲ್ಲಿ ಎಲುಬು ಮುರಿದ ಸದ್ದು ಬರೆದಿದೆ. ಥಟ್ಟನೆ ನಿಂತದ್ದೇ ಕಾರಣ ಎಂದು ಸಂಪಾದಕರೂ ಆಮೇಲೆ ಓದುಗರ ಪತ್ರದ ಪುಟದಲ್ಲಿ ಒಪ್ಪಿದರು. ಪ್ರತ್ಯಕ್ಷ, ಶಬ್ದ ಎರಡೂ ಒಂದು ಕಡೆ. ಖಳನ ಮಾತು ಇನ್ನೊಂದು ಕಡೆ.

ಅನುಮಾನ ಪ್ರಮಾಣಕ್ಕೆ ನಾವು ಜೋಗಕ್ಕೆ ಹೋಗೋಣ. ರಾಜಾ ಧಾರೆಯ ನೆತ್ತಿಯಿಂದ 253 ಮೀಟರ್. ಗಾಳಿಯ ತಡೆ ಇಲ್ಲದಿದ್ದರೆ ತಳ ಮುಟ್ಟಲು ಏಳು ಸೆಕೆಂಡಿನ ಮೇಲೆ ಸ್ವಲ್ಪ, ಆಗಿನ ವೇಗ ಗಂಟೆಗೆ ಸುಮಾರು 253 ಕಿಲೋಮೀಟರ್. ಎರಡು ಸಂಖ್ಯೆ ಹೀಗೆ ಕೂಡಿಬಂದದ್ದು ಕಾಕತಾಳೀಯ, ನೆನಪಿಡಲು ಸುಲಭ. ಗಾಳಿಯ ತಡೆ ಸೇರಿಸಿದರೆ ವೇಗ ಸೆಕೆಂಡಿಗೆ 50 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ಗಂಟೆಗೆ 180 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಹೊಡೆದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ, ಆಕಾಶದಿಂದ ಜಿಗಿಯುವ ಪ್ಯಾರಾಚೂಟ್ ಆಟಗಾರರು ಇದಕ್ಕಿಂತ ವೇಗವಾಗಿ ಬೀಳುತ್ತಾರೆ.

ಕೊಲ್ಲುವುದು ನಿಲ್ಲುವ ದೂರ. ಆ ವೇಗದಲ್ಲಿ ಬರುತ್ತಿರುವವಳನ್ನು ಒಂದು ಮೀಟರ್‌ನಲ್ಲಿ ನಿಲ್ಲಿಸಿದರೆ ಮೈಮೇಲೆ ಬೀಳುವ ಬಲ ಅವಳ ತೂಕದ 127 ಪಟ್ಟು. ಬಲೆಯನ್ನು 25 ಮೀಟರ್ ಹಿಗ್ಗಲು ಬಿಟ್ಟು ನಿಧಾನವಾಗಿ ನಿಲ್ಲಿಸಿದರೆ ಸುಮಾರು 5 ಪಟ್ಟು, ಅದನ್ನು ದೇಹ ತಡೆಯುತ್ತದೆ. ಬಾವಿಯಿಂದ ತುಂಬಿದ ಕೊಡ ಸೇದಿದವರಿಗೆ ಇದು ಕೈಯಲ್ಲೇ ಗೊತ್ತು: ಬೀಳುತ್ತಿರುವ ಕೊಡದ ಹಗ್ಗವನ್ನು ಒಮ್ಮೆಗೇ ಹಿಡಿಯುವುದಿಲ್ಲ, ಅಂಗೈಯಲ್ಲಿ ಜಾರಲು ಬಿಟ್ಟು ಹಿಡಿಯುತ್ತಾರೆ. ಸ್ಪೈಡರ್‌ಮ್ಯಾನ್ ಆದ ಆ ಹುಡುಗನಿಗೆ ಶಕ್ತಿ ಸಾಕಷ್ಟಿತ್ತು. ಹಗ್ಗ ಬಿಟ್ಟುಕೊಡಬೇಕು ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಗುರುಗಳೊಬ್ಬರು ಇಷ್ಟು ಕೇಳಿ ಎದ್ದು ಹೋಗಿ ಬಾವಿಕಟ್ಟೆಯ ಬಳಿ ಸ್ವಲ್ಪ ಹೊತ್ತು ನಿಂತಿದ್ದರು.

ಆಂಟ್‌ಮ್ಯಾನ್ ಕುಗ್ಗಿದಾಗ ತೂಕವೂ ಕುಗ್ಗುತ್ತದೆಯೇ? ಕೋಪ ಬಂದು ಹಲ್ಕ್ ದೈತ್ಯನಾಗಿ ಬೆಳೆದಾಗ ಆ ಮಾಂಸ ಎಲ್ಲಿಂದ ಬರುತ್ತದೆ?

ಒಂದೇ ನಾಣ್ಯದ ಎರಡು ಮುಖ ಇವು, ಇಬ್ಬರೂ 1962ರವರು. ಕುಗ್ಗಿದವನ ತೂಕ ಹಾಗೆಯೇ ಉಳಿದರೆ, ಒಂದು ಸೆಂಟಿಮೀಟರ್ ಎತ್ತರದ 70 ಕಿಲೋದವನು ಜಂಬಿಟ್ಟಿಗೆ ನೆಲದಲ್ಲಿ ಮೊಳೆಯಂತೆ ಇಳಿಯುತ್ತಾನೆ, ಇರುವೆಯ ಬೆನ್ನೇರುವ ಮಾತೇ ಇಲ್ಲ. ತೂಕವೂ ಕುಗ್ಗಿದರೆ ಅವನ ಗುದ್ದು ಖಳನಿಗೆ ತಾಕುವುದಿಲ್ಲ. ಕಥೆಗೆ ಎರಡೂ ಬೇಕು. ಹೆಚ್ಚುವರಿ ದ್ರವ್ಯ ಬೇರೊಂದು ಆಯಾಮಕ್ಕೆ ಹೋಗುತ್ತದೆ, ಬೇಕಾದಾಗ ಅಲ್ಲಿಂದ ಬರುತ್ತದೆ ಎಂಬುದು ಕಾಮಿಕ್ಸ್‌ನ ಅಧಿಕೃತ ಉತ್ತರ.

ನಮ್ಮ ಹಿರಿಯರು ಇದನ್ನು ಹೆಚ್ಚು ಅಚ್ಚುಕಟ್ಟಾಗಿ ವಿಂಗಡಿಸಿದ್ದರು ಎಂಬುದು ನನ್ನ ವಾದ. ಅಷ್ಟಸಿದ್ಧಿಗಳಲ್ಲಿ ಅಣಿಮಾ (ಕುಗ್ಗುವುದು), ಮಹಿಮಾ (ಬೆಳೆಯುವುದು) ಗಾತ್ರಕ್ಕೆ. ಲಘಿಮಾ (ಹಗುರಾಗುವುದು), ಗರಿಮಾ (ಭಾರವಾಗುವುದು) ಭಾರಕ್ಕೆ. ಗಾತ್ರ ಬೇರೆ ಶಕ್ತಿ, ಭಾರ ಬೇರೆ ಶಕ್ತಿ. ಸೌಗಂಧಿಕಾ ಪುಷ್ಪಕ್ಕೆ ಹೊರಟ ಭೀಮನ ದಾರಿಗೆ ಮುದಿ ಕೋತಿಯ ಬಾಲ ಅಡ್ಡ ಬಿದ್ದಿದೆ. ಬಾಲ ದೊಡ್ಡದಾಗಲಿಲ್ಲ, ಭಾರವಾಯಿತು, ಭೀಮನಿಂದ ಎತ್ತಲಾಗಲಿಲ್ಲ. ಲಂಕೆಯನ್ನು ಹೊಕ್ಕಾಗ ಅದೇ ಹನುಮಂತ ಸಣ್ಣವನಾದ. ಆಂಟ್‌ಮ್ಯಾನ್‌ಗೆ ಅಣಿಮಾ ಒಂದನ್ನೇ ಕೊಟ್ಟದ್ದರಿಂದ ತೊಡಕು. ಅಣಿಮಾ ಜೊತೆಗೆ ಲಘಿಮಾ, ಗರಿಮಾ ಅವನ ಕೈಯಲ್ಲಿವೆ ಎಂದುಕೊಂಡು ಹಳೆಯ ಕಥೆಗಳನ್ನು ಮತ್ತೆ ಓದಿ. ಇರುವೆ ಏರುವಾಗ ಲಘಿಮಾ, ಗುದ್ದುವಾಗ ಗರಿಮಾ. ಬಹುಪಾಲು ಪುಟಗಳು ತಕರಾರಿಲ್ಲದೆ ಕೂರುತ್ತವೆ.

ಹಲ್ಕ್, ಸೂಪರ್‌ಮ್ಯಾನ್ ಕಾದರೆ ಗೆಲ್ಲುವವರು ಯಾರು?

1996ರಲ್ಲಿ ಸೂಪರ್‌ಮ್ಯಾನ್‌ನ ಡಿಸಿ, ಹಲ್ಕ್‌ನ ಮಾರ್ವೆಲ್ ಎರಡೂ ಪ್ರಕಾಶನಗಳು ಸೇರಿ ಈ ಕಾಳಗವನ್ನು ಅಚ್ಚುಹಾಕಿದವು, ಸೂಪರ್‌ಮ್ಯಾನ್ ಗೆದ್ದ. ಆದರೆ ಆ ಫಲಿತಾಂಶವನ್ನು ಓದುಗರ ಮತದಾನ ನಿರ್ಣಯಿಸಿತ್ತು. ಮತ ಜನಪ್ರಿಯತೆಯನ್ನು ಅಳೆಯುತ್ತದೆ, ತೋಳ್ಬಲವನ್ನಲ್ಲ. ಹಾಗಾಗಿ ಜಗಲಿಯಲ್ಲಿ ‘ಯಾರು ಗೆಲ್ಲುತ್ತಾರೆ’ ಎಂಬುದನ್ನು ಹಾಗೆಯೇ ಚರ್ಚಿಸುವುದಿಲ್ಲ. ಎಲ್ಲಿ, ಯಾವಾಗ, ಯಾವ ಕಾಲದ ಆವೃತ್ತಿ ಎಂದು ಮೊದಲು ಹೇಳಬೇಕು. ಕೋಪ ಏರಿದಂತೆ ಹಲ್ಕ್‌ನ ಬಲ ಏರುತ್ತದೆ, ಆದ್ದರಿಂದ ಮೊದಲ ನಿಮಿಷದ ಉತ್ತರ ಬೇರೆ, ಮೂರನೆಯ ಗಂಟೆಯ ಉತ್ತರ ಬೇರೆ.

ಬರೆದವರೇ ತಪ್ಪು ಮಾಡಿದ್ದಾರೆ ಎಂದು ಒಪ್ಪಿಬಿಟ್ಟರೆ ಆಗದೇ?

ಆಗುತ್ತದೆ, ಕೊನೆಯ ಉಪಾಯವಾಗಿ. ಹಲ್ಕ್ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನು, ಎರಡನೆಯದರಿಂದ ಹಸಿರು. ಅಚ್ಚಿನಲ್ಲಿ ಬೂದು ಬಣ್ಣ ಒಂದೇ ಸಮ ಬರುತ್ತಿರಲಿಲ್ಲ, ಅಷ್ಟೇ ಕಾರಣ. ಮುಂದಿನ ಬರಹಗಾರರು ಅದನ್ನು ತಪ್ಪೆಂದು ಮುಚ್ಚಿಡದೆ, ಬೂದು ಹಲ್ಕ್ ಬೇರೆಯೇ ಸ್ವಭಾವದವನು ಎಂದು ಕಥೆ ಬೆಳೆಸಿದರು. 1960ರ ದಶಕದಲ್ಲಿ ಮಾರ್ವೆಲ್‌ನವರು ತಪ್ಪು ಹುಡುಕಿ ಬರೆದ ಓದುಗರಿಗೆ ‘ನೋ-ಪ್ರೈಜ್’ ಎಂಬ ಬಹುಮಾನವಾಗಿ ಖಾಲಿ ಲಕೋಟೆ ಕಳುಹಿಸುತ್ತಿದ್ದರು. ಬರಬರುತ್ತ ತಪ್ಪು ತೋರಿಸಿದರೆ ಸಾಲದು, ಅದು ತಪ್ಪಲ್ಲ ಎಂದು ಸಾಧಿಸಿದವರಿಗೆ ಲಕೋಟೆ ಎಂದಾಯಿತು. ತಪ್ಪು ಎಂದುಬಿಡುವುದು ಸುಲಭ. ಸರಿಯಾಗಿಸಲು ತಲೆ ಬೇಕು.

ವಾಲಿ ಸೂಪರ್‌ಮ್ಯಾನ್ ಎದುರು ನಿಂತರೆ?

ಎದುರು ನಿಂತವನ ಅರ್ಧ ಬಲ ವಾಲಿಗೆ ಸೇರುತ್ತದೆ ಎಂಬುದು ವರ. ಮೊದಲ ತೊಡಕು: ಅರ್ಧ ಒಮ್ಮೆ ಮಾತ್ರ ಹೋಗುತ್ತದೆಯೋ, ಕ್ಷಣಕ್ಷಣವೂ ಹೋಗುತ್ತದೆಯೋ? ಕ್ಷಣಕ್ಷಣವೂ ಆದರೆ ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತ ಸುಗ್ರೀವನಲ್ಲಿ ಏನೂ ಉಳಿಯಬಾರದಿತ್ತು. ಅವನು ಮೊದಲ ಕಾಳಗದಲ್ಲಿ ಸೋತರೂ ಓಡಿ ತಪ್ಪಿಸಿಕೊಳ್ಳುವಷ್ಟು ಬಲ ಉಳಿಸಿಕೊಂಡಿದ್ದ. ಆದ್ದರಿಂದ ಒಮ್ಮೆ ಮಾತ್ರ. ಸೂಪರ್‌ಮ್ಯಾನ್‌ನ ಅರ್ಧ ಬಲ, ಅದರ ಮೇಲೆ ತನ್ನದು, ಹೀಗೆ ಕೈಗೆಟುಕುವ ದೂರದಲ್ಲಿ ವಾಲಿಯೇ ಮೇಲು.

ಎರಡನೆಯ ತೊಡಕು ‘ಎದುರು’ ಎಂಬ ಮಾತು. ಮರದ ಮರೆಯ ಬಾಣಕ್ಕೆ ವರ ಅಡ್ಡ ಬರಲಿಲ್ಲ. ಹಾಗಾದರೆ ಎದುರು ಎಂದರೆ ವಾಲಿ ಅವನನ್ನು ಕಾಣಬೇಕೋ, ಅವನು ವಾಲಿಯನ್ನು ಕಂಡರೆ ಸಾಕೋ? ಸೂಪರ್‌ಮ್ಯಾನ್ ಮೋಡದ ಮೇಲಿಂದ ಕಣ್ಣಿನ ಕಾವನ್ನು, ಅಂದರೆ ಕಣ್ಣಿನಿಂದ ಹೊರಡುವ ಸುಡುವ ಕಿರಣವನ್ನು, ಬಿಟ್ಟರೆ ಅದು ರಾಮನ ಬಾಣಕ್ಕೆ ಸಮ ಎಂದು ನಮ್ಮ ಹಿರಿಯ ಅರ್ಥಧಾರಿಯೊಬ್ಬರು ವಾದಿಸಿದರು. ಕಣ್ಣಿನಿಂದ ಹೊರಟ ಬೆಳಕು ಕಣ್ಣಿಗೆ ಕಾಣುವಂಥದು, ಕಂಡ ಕ್ಷಣವೇ ಎದುರಾದಂತೆ ಎಂದು ಪಿಯುಸಿ ಓದುವ ಹುಡುಗ ಪಟ್ಟು ಹಿಡಿದ. ಅಷ್ಟರಲ್ಲಿ ಕರೆಂಟು ಹೋಯಿತು. ಲಾಟೀನು ಹಚ್ಚಿ ಮತ್ತೆ ಕುಳಿತರೂ ಇಬ್ಬರೂ ಕದಲಲಿಲ್ಲ. ಮುಂದಿನ ಭಾನುವಾರಕ್ಕೆ ಹಿರಿಯರು ರಾಮನ ಕಡೆಯ ಪದ್ಯಗಳನ್ನು ತರುತ್ತೇನೆ ಎಂದಿದ್ದಾರೆ, ಹುಡುಗ ಕಣ್ಣಿನ ಕಾವು ಚಿತ್ರಿಸಿರುವ ಹಳೆಯ ಸಂಚಿಕೆಗಳನ್ನು ಹುಡುಕುತ್ತಿದ್ದಾನೆ.